ನಗೆಚಿತ್ರದ ಹಿಂದಿದ್ದ ಊರು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಿಮಗೆ ಹೊಸದಲ್ಲ. ಪೇಟೆಯ ಗದ್ದಲದಲ್ಲಿ ಬೇಸತ್ತವನಿಗೆ ಕಾಡು ನುಣ್ಣಗೆ ಕಾಣುತ್ತದೆ, ಕಾಡಿನಂಚಿನಲ್ಲಿ ಇರುವವನಿಗೆ ಪೇಟೆ ನುಣ್ಣಗೆ ಕಾಣುತ್ತದೆ. ಈ ಗಾದೆಯನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದ ಸಿನಿಮಾದವರು ಎಷ್ಟೋ ನಗೆಚಿತ್ರಗಳನ್ನು ತೆಗೆದಿದ್ದಾರೆ. ಪಟ್ಟಣದ ಸಂಸಾರ ಕಾಡಿಗೆ ಹೋಗುತ್ತದೆ, ಒಲೆ ಹೊತ್ತುವುದಿಲ್ಲ, ಸೂರು ಸೋರುತ್ತದೆ, ಹಂದಿ ಮಾತು ಕೇಳುವುದಿಲ್ಲ. ನೋಡುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂಥ ಚಿತ್ರಗಳಲ್ಲಿ ಬಹಳ ಹೆಸರಾದ ಒಂದರ ವಿಷಯ ಇಂದು ನಿಮಗೆ ಹೇಳುತ್ತೇನೆ. ಚಿತ್ರದ ಕಥೆಗಿಂತ, ಆ ಚಿತ್ರದ ಹಿಂದಿದ್ದ ಊರಿನ ಕಥೆಯೇ ನಾವು ಗಡಿಯ ಜನ ಕೇಳಬೇಕಾದದ್ದು.

ಚಿತ್ರದ ಹೆಸರು 'ದಿ ಎಗ್ ಅಂಡ್ ಐ', ಅಂದರೆ 'ಮೊಟ್ಟೆ ಮತ್ತು ನಾನು'. 1947ರಲ್ಲಿ ಯೂನಿವರ್ಸಲ್ ಇಂಟರ್‌ನ್ಯಾಷನಲ್ ಕಂಪನಿ ಇದನ್ನು ಬಿಡುಗಡೆ ಮಾಡಿತು. ನಿರ್ದೇಶಕ ಚೆಸ್ಟರ್ ಅರ್ಸ್ಕಿನ್. ಹೆಂಡತಿಯ ಪಾತ್ರ ಕ್ಲಾಡೆಟ್ ಕೋಲ್ಬರ್ಟ್ ಅವರದು, ಗಂಡನ ಪಾತ್ರ ಫ್ರೆಡ್ ಮ್ಯಾಕ್‌ಮರ್ರಿ ಅವರದು. ಯುದ್ಧದಿಂದ ಮರಳಿದ ಗಂಡ, ಮದುವೆಯಾದ ಕೂಡಲೇ, ತಾನು ಕೆಲಸ ಬಿಟ್ಟು ಕಾಡಿನಂಚಿನಲ್ಲಿ ಒಂದು ಕೋಳಿ ಫಾರಂ ಕೊಂಡಿದ್ದೇನೆ ಎಂದು ಹೆಂಡತಿಗೆ ಹೇಳುತ್ತಾನೆ. ಹೋಗಿ ನೋಡಿದರೆ ಮುರುಕಲು ಮನೆ. ಪಕ್ಕದಲ್ಲಿ ಕೆಟಲ್ ಎಂಬ ದೊಡ್ಡ ಸಂಸಾರ, ಮನೆ ತುಂಬ ಮಕ್ಕಳು, ಅಂಗಳದ ತುಂಬ ಕಸ. ಯಜಮಾನ ಮಹಾ ಸೋಮಾರಿ, ಬಂದವರಲ್ಲಿ ಏನಾದರೊಂದು ಕೈಗಡ ಕೇಳುವವನು. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಊರವರೆಲ್ಲ ನೆರವಿಗೆ ಬರುತ್ತಾರೆ. ಗಂಡಹೆಂಡಿರ ನಡುವೆ ಮನಸ್ತಾಪವಾಗಿ ಆಕೆ ತವರಿಗೆ ಹೋಗುತ್ತಾಳೆ, ಕೊನೆಗೆ ಮಗುವಿನೊಡನೆ ಮರಳುತ್ತಾಳೆ. ಅಷ್ಟರಲ್ಲಿ ಗಂಡ ಎಲ್ಲ ಅನುಕೂಲಗಳಿರುವ ಇನ್ನೊಂದು ಫಾರಂ ಕೊಂಡಿರುತ್ತಾನೆ. ಶುಭಂ.

ಇದು ಕಟ್ಟುಕಥೆಯಾಗಿ ಹುಟ್ಟಿದ್ದಲ್ಲ. ಬೆಟ್ಟಿ ಮ್ಯಾಕ್‌ಡೊನಾಲ್ಡ್ ಎಂಬ ಮಹಿಳೆ 1945ರಲ್ಲಿ ಪ್ರಕಟಿಸಿದ ಆತ್ಮಕಥೆ ಇದರ ಮೂಲ. ಆಕೆ 1927ರಲ್ಲಿ ಮದುವೆಯಾಗಿ ಗಂಡನೊಡನೆ ವಾಷಿಂಗ್‌ಟನ್ ರಾಜ್ಯದ ಒಲಿಂಪಿಕ್ ಪರ್ಯಾಯದ್ವೀಪಕ್ಕೆ ಹೋದರು. ಅಮೆರಿಕದ ಭೂಪಟದಲ್ಲಿ ಎಡಗಡೆಯ ಮೇಲಿನ ಮೂಲೆ ಅದು. ಒಂದು ಕಡೆ ಶಾಂತ ಸಾಗರ, ಇನ್ನೊಂದು ಕಡೆ ಪ್ಯೂಜೆಟ್ ಸೌಂಡ್ ಎಂಬ ಒಳಸಮುದ್ರ, ನಡುವೆ ಹಿಮದ ಬೆಟ್ಟಗಳು, ವರ್ಷದ ಹೆಚ್ಚು ದಿನ ಮಳೆ. ಪೋರ್ಟ್ ಟೌನ್‌ಸೆಂಡ್ ಎಂಬ ಬಂದರು ಪಟ್ಟಣದ ದಕ್ಷಿಣಕ್ಕೆ ಚಿಮಾಕಮ್ ಎಂಬ ಕಣಿವೆ ಇದೆ. ಅಲ್ಲಿ ಅವರ ಕೋಳಿ ಫಾರಂ. ಕರೆಂಟು ಇಲ್ಲ, ನಲ್ಲಿ ಇಲ್ಲ. ಲಾಟೀನಿನ ಬೆಳಕು, ಹೊತ್ತು ತರುವ ನೀರು, ಸಿಡುಕು ಮೋರೆಯ ಕಬ್ಬಿಣದ ಒಲೆ. ಆ ಒಲೆಯನ್ನು ಆಕೆ ಮನೆಯ ಒಬ್ಬ ಸದಸ್ಯನಂತೆ ವರ್ಣಿಸಿದ್ದಾರೆ.

ಆಕೆ ಅಲ್ಲಿದ್ದದ್ದು ಸುಮಾರು ನಾಲ್ಕು ವರ್ಷ. 1931ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸಿಯಾಟಲ್ ನಗರದ ತವರಿಗೆ ಮರಳಿದರು. 1935ರಲ್ಲಿ ವಿಚ್ಛೇದನವಾಯಿತು. ಮಧ್ಯೆ ಕ್ಷಯರೋಗ ಬಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದರು. 1942ರಲ್ಲಿ ಎರಡನೆಯ ಮದುವೆಯಾಗಿ ವಾಶನ್ ಎಂಬ ದ್ವೀಪದಲ್ಲಿ ನೆಲೆಸಿದರು. ಹಳೆಯ ಕಷ್ಟಗಳನ್ನು ನಗುನಗುತ್ತ ಬರೆದ ಆ ಪುಸ್ತಕ ಒಂದು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. 1946ರಲ್ಲಿ ಸಿನಿಮಾ ಹಕ್ಕಿಗೆ 1 ಲಕ್ಷ ಡಾಲರ್ ಬಂತು. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಗುವಿನ ಹಿಂದೆ ಏನಿತ್ತು ಎಂಬುದನ್ನೂ ಹೇಳಬೇಕು. ವಿಚ್ಛೇದನಕ್ಕಾಗಿ ಆಕೆ ಕೋರ್ಟಿಗೆ ಕೊಟ್ಟ ದೂರಿನಲ್ಲಿ ಗಂಡನ ಕುಡಿತದ, ಹೊಡೆತದ ಮಾತುಗಳಿವೆ. ಪುಸ್ತಕದಲ್ಲಿ ಅದೊಂದೂ ಇಲ್ಲ. ಪುಸ್ತಕದ ಕೊನೆಯಲ್ಲಿ ದಂಪತಿಗಳು ಇನ್ನೂ ಅನುಕೂಲವಾದ ಫಾರಂಗೆ ಹೊರಡುತ್ತಾರೆ, ಚಿತ್ರದಲ್ಲಂತೂ ಕಹಿಯ ಸುಳಿವೇ ಇಲ್ಲ. ತನ್ನ ನೋವನ್ನು ಎಷ್ಟು ಹೇಳಬೇಕು, ಎಷ್ಟು ಮುಚ್ಚಬೇಕು ಎಂಬುದು ಆಕೆಯ ಹಕ್ಕು. ಆದರೆ ಹೀಗೆ ಗಂಡನನ್ನು ಹಗುರಾಗಿ ಬಿಟ್ಟ ಲೇಖನಿ, ನೆರೆಹೊರೆಯವರನ್ನು ಅಷ್ಟು ಹಗುರಾಗಿ ಬಿಡಲಿಲ್ಲ. ನಮ್ಮ ಕಥೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಅದಕ್ಕೆ ಮೊದಲು, 1947ರಲ್ಲಿ ಜನ ಯಾಕೆ ಅಷ್ಟೊಂದು ನಕ್ಕರು ಎಂದು ನೋಡೋಣ. ಅಮೆರಿಕದಲ್ಲಿ ಹಳ್ಳಿಗರಿಗಿಂತ ಪಟ್ಟಣಿಗರೇ ಹೆಚ್ಚು ಎಂದು ಮೊದಲು ಕಂಡದ್ದು 1920ರ ಜನಗಣತಿಯಲ್ಲಿ. ಅಂದರೆ ಥಿಯೇಟರಿನಲ್ಲಿ ಕುಳಿತಿದ್ದವರಲ್ಲಿ ಎಷ್ಟೋ ಜನ ಒಂದು ತಲೆಮಾರಿನ ಹಿಂದೆ ಅಂಥದೇ ಹೊಲಮನೆ ಬಿಟ್ಟು ಬಂದವರು. ತಾವು ದಾಟಿ ಬಂದ ಕಷ್ಟವನ್ನು ಮೆತ್ತನೆಯ ಕುರ್ಚಿಯಲ್ಲಿ ಕುಳಿತು ನೋಡುವುದು ಒಂದು ಸುಖ. ಇನ್ನೊಂದು ಕಾರಣ, ಯುದ್ಧ ಮುಗಿಸಿ ಬಂದ ಲಕ್ಷಾಂತರ ಯುವಕರು. 1944ರ ಒಂದು ಕಾನೂನಿನಿಂದ ಅವರಿಗೆ ಮನೆ, ಜಮೀನು, ವ್ಯಾಪಾರಕ್ಕೆ ಸರ್ಕಾರದ ಖಾತರಿಯ ಮೇಲೆ ಸಾಲ ಸಿಗುತ್ತಿತ್ತು. ಒಂದಿಷ್ಟು ನೆಲ, ನಾಲ್ಕು ಕೋಳಿ, ತಣ್ಣಗಿನ ಗಾಳಿ ಎಂಬ ಕನಸು ಮನೆಮನೆಯಲ್ಲಿತ್ತು. ಪುಸ್ತಕದ ಗಂಡ 1927ರವನು, ಚಿತ್ರದವರು ಅವನನ್ನು ಎರಡನೆಯ ಮಹಾಯುದ್ಧದಿಂದ ಮರಳಿದವನನ್ನಾಗಿ ಮಾಡಿದ್ದು ಇದೇ ಕಾರಣಕ್ಕೆ ಇರಬೇಕು.

ಆ ಹಳ್ಳಿಗರಿಗೆ ಕರೆಂಟು ಇಲ್ಲದ್ದು ಅವರ ದಡ್ಡತನದಿಂದಲೂ ಅಲ್ಲ, ಸೋಮಾರಿತನದಿಂದಲೂ ಅಲ್ಲ. 1935ರಲ್ಲಿ ಇಡೀ ಅಮೆರಿಕದ ಹೊಲಮನೆಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ದೂರದೂರದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲ ಎಂದು ಖಾಸಗಿ ಕಂಪನಿಗಳು ಕೈಕಟ್ಟಿ ಕುಳಿತಿದ್ದವು. ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಇಲಾಖೆಯನ್ನು ಸ್ಥಾಪಿಸಿದರು, 1936ರಲ್ಲಿ ಕಾನೂನು ಬಂತು. ರೈತರೇ ಸಹಕಾರ ಸಂಘ ಕಟ್ಟಿಕೊಂಡು, ಕಡಿಮೆ ಬಡ್ಡಿಯ ಸಾಲ ಪಡೆದು, ಕಂಬ ನೆಟ್ಟು ತಂತಿ ಎಳೆದರು. 1950ರ ದಶಕದ ಮೊದಲಿಗೆ ಹತ್ತರಲ್ಲಿ ಸುಮಾರು ಒಂಬತ್ತು ಹೊಲಮನೆಗಳಲ್ಲಿ ದೀಪ ಉರಿಯಿತು. ಚಿತ್ರದಲ್ಲಿ ನಗೆಗೆ ಕಾರಣವಾದ ಲಾಟೀನು, ಒಲೆ, ನೀರಿನ ಬಕೀಟು ಇವೆಲ್ಲ ಸರ್ಕಾರ ಮತ್ತು ಕಂಪನಿಗಳು ತಡಮಾಡಿದ್ದರ ಗುರುತುಗಳು.

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು, ಕೋಳಿ ಸಾಕಣೆಯ ಸಾಲದ ಕಡತಗಳನ್ನು ಸಾಕಷ್ಟು ನೋಡಿದ್ದೇನೆ. ಆದ್ದರಿಂದ ಈ ಕಥೆಯನ್ನು ಓದುವಾಗ ನನ್ನ ಕಣ್ಣು ಲೆಕ್ಕದ ಕಡೆಗೇ ಹೋಯಿತು. ಕೋಳಿಗೆ ರೋಗ ಬಂದರೆ ಒಂದು ವಾರದಲ್ಲಿ ಗೂಡು ಖಾಲಿ. ಮೇವಿನ ಬೆಲೆ ನಮ್ಮ ಕೈಯಲ್ಲಿಲ್ಲ, ಮೊಟ್ಟೆಯ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಬೆಟ್ಟಿ ಅಲ್ಲಿದ್ದಾಗಲೇ, 1929ರಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತ ಶುರುವಾಯಿತು. 1932ರ ಹೊತ್ತಿಗೆ ರೈತನಿಗೆ ಸಿಗುವ ಮೊಟ್ಟೆಯ ಬೆಲೆ ಸುಮಾರು ಅರ್ಧಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ನೆರೆಯವನು ಕೈಗಡ ಕೇಳಿದರೆ ಅದಕ್ಕೆ ಸೋಮಾರಿತನವೊಂದೇ ಕಾರಣ ಎನ್ನಲಾಗದು. ಆದರೆ ಪರದೆಯ ಮೇಲೆ ಬೆಲೆಯ ಕುಸಿತ ಕಾಣಿಸುವುದಿಲ್ಲ, ಕೈಚಾಚಿದ ಮನುಷ್ಯ ಮಾತ್ರ ಕಾಣಿಸುತ್ತಾನೆ.

ಈಗ ಆ ಕೆಟಲ್ ಸಂಸಾರದ ವಿಷಯ. ಮಾರ್ಜೋರಿ ಮೇನ್ ಮತ್ತು ಪರ್ಸಿ ಕಿಲ್‌ಬ್ರೈಡ್ ಎಂಬ ಕಲಾವಿದರು ಕೆಟಲ್ ಅಮ್ಮ, ಕೆಟಲ್ ಅಪ್ಪ ಆಗಿ ಅಭಿನಯಿಸಿದರು. ಜನ ನಾಯಕ ನಾಯಕಿಯರನ್ನು ಮರೆತರೂ ಇವರನ್ನು ಮರೆಯಲಿಲ್ಲ. ಮಾರ್ಜೋರಿ ಮೇನ್ ಅವರ ಹೆಸರು ಪೋಷಕ ನಟಿಯ ಆಸ್ಕರ್ ಪಟ್ಟಿಗೂ ಏರಿತು. ಕಂಪನಿ ಕೂಡಲೇ ಆ ಪಾತ್ರಗಳ ಮೇಲೆ ಸಾಲು ಚಿತ್ರಗಳನ್ನು ತೆಗೆಯಿತು. 1949ರಿಂದ 1957ರವರೆಗೆ ಒಂಬತ್ತು. ಮೊದಲನೆಯದರಲ್ಲಿ ಕೆಟಲ್ ಅಪ್ಪ ತಂಬಾಕಿನ ಜಾಹೀರಾತಿನ ಸ್ಪರ್ಧೆಯಲ್ಲಿ ಗುಂಡಿ ಒತ್ತಿದರೆ ಕೆಲಸ ಮಾಡುವ ಹೊಸ ಮನೆ ಗೆಲ್ಲುತ್ತಾನೆ. ಅಲ್ಲಿಗೆ ನಗೆಯ ದಿಕ್ಕು ತಿರುಗಿತು. ಹಳ್ಳಿಗೆ ಹೋದ ಪಟ್ಟಣಿಗರ ಪೇಚಾಟ ಹಿಂದೆ ಸರಿದು, ಹಳ್ಳಿಗರೇ ನಗೆಯ ಸರಕಾದರು.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಚಿಮಾಕಮ್ ಕಣಿವೆಯಲ್ಲಿ ಹಾಗೆ ಆಯಿತು. ಲೇಖಕಿ ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಾಯಿಸಿದ್ದರು. ಆದರೆ ಸಣ್ಣ ಊರಿನಲ್ಲಿ ಯಾರು ಯಾರೆಂದು ಯಾರಿಗೆ ತಿಳಿಯುವುದಿಲ್ಲ? ಪ್ರವಾಸಿಗರು ಕಾರುಗಳಲ್ಲಿ ಬಂದು 'ಕೆಟಲ್ ಮನೆ ಯಾವುದು' ಎಂದು ಕೇಳತೊಡಗಿದರು. ಅಲ್ಲಿನ ಒಂದು ರೈತ ಕುಟುಂಬದ ಒಂಬತ್ತು ಜನ, ಕೆಟಲ್ ಎಂದರೆ ತಾವೇ, ತಮ್ಮ ಮಾನ ಹೋಯಿತು ಎಂದು ಕೋರ್ಟಿಗೆ ಹೋದರು. ಇನ್ನೊಬ್ಬ ನೆರೆಯವನು, ಪುಸ್ತಕದಲ್ಲಿರುವ ಇಂಡಿಯನ್ ಪಾತ್ರ ತಾನೇ ಎಂದು ಅವರ ಜೊತೆ ಸೇರಿದ. ಒಬ್ಬೊಬ್ಬರಿಗೆ 1 ಲಕ್ಷದಂತೆ ಒಂಬತ್ತು ಜನಕ್ಕೆ 9 ಲಕ್ಷ, ಆ ನೆರೆಯವನದು 75 ಸಾವಿರ, ಒಟ್ಟು 9 ಲಕ್ಷ 75 ಸಾವಿರ ಡಾಲರ್ ಪರಿಹಾರ ಕೇಳಿದರು.

1951ರಲ್ಲಿ ಸಿಯಾಟಲ್‌ನಲ್ಲಿ ವಿಚಾರಣೆ ನಡೆಯಿತು. ಪಾತ್ರಗಳೆಲ್ಲ ತನ್ನ ಕಲ್ಪನೆ ಎಂದು ಲೇಖಕಿ ಹೇಳಿದರು. ಅವರ ವಕೀಲರು ಇನ್ನೊಂದು ಸಾಕ್ಷಿ ತಂದರು. ಆ ಕುಟುಂಬದ ಮಗನೊಬ್ಬ ತನ್ನ ನೃತ್ಯಶಾಲೆಯಲ್ಲಿ ಮುದಿ ತಂದೆಯ ಕಂಕುಳಲ್ಲಿ ಕೋಳಿ ಕೊಟ್ಟು ವೇದಿಕೆ ಹತ್ತಿಸಿ, 'ಇವರೇ ಕೆಟಲ್ ಅಪ್ಪ' ಎಂದು ಪರಿಚಯ ಮಾಡಿಸಿದ್ದನಂತೆ. ಮಾನ ಹೋಯಿತೆನ್ನುವವರು ಅದರಿಂದ ಗಿರಾಕಿ ಕೂಡಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಿರಲಿಲ್ಲ. ಜ್ಯೂರಿ ಲೇಖಕಿಯ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ನನಗೆ ಆ ಮುದುಕನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬೇರೆಯವರು ತನ್ನ ಮೇಲೆ ಕಟ್ಟಿದ ವೇಷವನ್ನೇ ಹಾಕಿಕೊಂಡು ನಿಂತವನು ನಗುತ್ತಿದ್ದನೋ, ನುಂಗಿಕೊಳ್ಳುತ್ತಿದ್ದನೋ? ಹೊರಗಿನವರು ನಮ್ಮನ್ನು ಹೇಗೆ ನೋಡುತ್ತಾರೋ ಹಾಗೆ ನಟಿಸಿ ನಾಲ್ಕು ಕಾಸು ಮಾಡಿಕೊಳ್ಳುವುದು ಲೋಕದಲ್ಲಿ ಹೊಸತಲ್ಲ, ಅಪರೂಪವೂ ಅಲ್ಲ.

ಇಲ್ಲಿಯವರೆಗೆ ಪಟ್ಟಣದವರು, ಹಳ್ಳಿಯವರು ಎಂಬ ಎರಡು ಪಕ್ಷ ನೋಡಿದೆವು. ಮೂರನೆಯ ಪಕ್ಷವೊಂದಿದೆ. ಚಿತ್ರ ಯಾವುದನ್ನು ಕಾಡು ಎನ್ನುತ್ತದೆಯೋ ಅದು ಮೊದಲಿನಿಂದ ಯಾರದೋ ಊರು. ಚಿಮಾಕಮ್ ಎಂಬುದು ಬಿಳಿಯರು ಇಟ್ಟ ಹೆಸರಲ್ಲ, ಆ ಕಣಿವೆಯ ಮೂಲ ಜನಾಂಗದ ಹೆಸರು. ರೋಗರುಜಿನಗಳಿಂದಲೂ ನೆರೆಯ ಜನರೊಡನೆ ನಡೆದ ಕಾಳಗಗಳಿಂದಲೂ ಅವರು ಸೊರಗಿದ್ದರು. 1840ರ ದಶಕದಲ್ಲಿ ಅವರ ಕೋಟೆಯ ಮೇಲೆ ಬಿದ್ದವರಲ್ಲಿ ಸುಕ್ವಾಮಿಷ್ ಜನರ ನಾಯಕ ಸಿಯಾಟಲ್ ಇದ್ದ. ಅವನ ಹೆಸರೇ ನಗರಕ್ಕೆ ಉಳಿಯಿತು. ಆ ಭಾಗದಲ್ಲಿ ಎಸ್‌ಕ್ಲಾಲಮ್, ಸ್ಕೋಕೋಮಿಷ್ ಎಂಬ ಬೇರೆ ಜನಾಂಗಗಳೂ ಇದ್ದವು. 1855ರ ಜನವರಿ 26ರಂದು ಪಾಯಿಂಟ್ ನೋ ಪಾಯಿಂಟ್ ಎಂಬ ಭೂಶಿರದಲ್ಲಿ ಗವರ್ನರ್ ಐಸಾಕ್ ಸ್ಟೀವನ್ಸ್ ಈ ಮೂರೂ ಜನಾಂಗಗಳಿಂದ ಕರಾರಿಗೆ ಗುರುತು ಹಾಕಿಸಿಕೊಂಡರು. ನೆಲವನ್ನು ಬಿಟ್ಟುಕೊಟ್ಟದ್ದಕ್ಕೆ 60 ಸಾವಿರ ಡಾಲರ್, ಅದೂ ವರ್ಷವರ್ಷಕ್ಕೆ ಕಂತಿನಲ್ಲಿ.

ಹಿಂದೆ ನೆನಪಿನಲ್ಲಿಡಿ ಎಂದ ಅಂಕಿಯನ್ನು ಈಗ ಪಕ್ಕದಲ್ಲಿಡಿ. ಒಂದು ಪುಸ್ತಕದ ಸಿನಿಮಾ ಹಕ್ಕಿಗೆ 1 ಲಕ್ಷ, ಮೂರು ಜನಾಂಗಗಳ ನೆಲಕ್ಕೆ 60 ಸಾವಿರ. ನಡುವೆ ತೊಂಬತ್ತು ವರ್ಷ ಕಳೆದು ರೂಪಾಯಿಯಂತೆ ಡಾಲರಿನ ಬೆಲೆಯೂ ಬದಲಾಗಿತ್ತು ಎಂಬುದು ನಿಜ, ಲೆಕ್ಕ ಬಲ್ಲವರು ಅದನ್ನು ಮರೆಯಬಾರದು. ಆದರೂ ಈ ಎರಡು ಸಾಲುಗಳನ್ನು ಒಂದೇ ಪುಟದಲ್ಲಿ ಬರೆದು ನೋಡಿದಾಗ ಮನಸ್ಸು ಭಾರವಾಗುತ್ತದೆ.

ಆ ಕರಾರಿನ ಭಾಷೆಯ ವಿಷಯ ನಮಗೆ ಬೇಗ ಅರ್ಥವಾಗಬೇಕು. ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನು ಜನರಿಗೆ ತಿಳಿಸಿದ್ದು ಅವರ ಮನೆಮಾತಿನಲ್ಲಿ ಅಲ್ಲ, ಚಿನೂಕ್ ಜಾರ್ಗನ್ ಎಂಬ ಸಂತೆಯ ಕಲಬೆರಕೆ ಮಾತಿನಲ್ಲಿ. ಕೆಲವು ನೂರು ಪದಗಳ ಆ ಮಾತು ತೊಗಲು, ಮೀನು ಮಾರುವುದಕ್ಕೆ ಸಾಕು. ಸ್ವಾಮ್ಯ, ಹಕ್ಕು, ಶಾಶ್ವತವಾಗಿ ಬಿಟ್ಟುಕೊಡುವುದು ಎಂಬುದನ್ನೆಲ್ಲ ಅದರಲ್ಲಿ ಹೇಗೆ ಹೇಳಿದರೋ! ನೆಲ ಮಾರಲು ಮನಸ್ಸಿಲ್ಲ ಎಂದು ಆ ಸಭೆಯಲ್ಲೇ ಹೇಳಿದವರೂ ಇದ್ದರು. ಸಂತೆಯಲ್ಲಿ ಎರಡು ಭಾಷೆ ಆಡುವುದು ಬೇರೆ, ಪಹಣಿಯನ್ನು ಇನ್ನೊಂದು ಭಾಷೆಯಲ್ಲಿ ಓದಿ ಹೆಬ್ಬೆಟ್ಟು ಒತ್ತುವುದು ಬೇರೆ ಎಂದು ಗಡಿ ಹಳ್ಳಿಯವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಚಿಮಾಕಮ್ ಜನರ ನುಡಿಗೆ ಲೋಕದಲ್ಲಿ ಒಂದೇ ಒಂದು ಸೋದರ ಭಾಷೆ. ಅದು ಪರ್ಯಾಯದ್ವೀಪದ ಆಚೆ ತೀರದ ಕ್ವಿಲಿಯೂಟ್ ಜನರದು. ಹಿಂದೊಮ್ಮೆ ಮಹಾ ಪ್ರವಾಹ ಬಂದಾಗ ತಮ್ಮವರೇ ಕೆಲವರು ದೋಣಿಯಲ್ಲಿ ತೇಲಿ ಪೂರ್ವಕ್ಕೆ ಹೋಗಿ ಚಿಮಾಕಮ್ ಆದರು ಎಂದು ಕ್ವಿಲಿಯೂಟ್ ಹಿರಿಯರು ಹೇಳುತ್ತಿದ್ದರು. 1890ರಲ್ಲಿ ಫ್ರಾನ್ಸ್ ಬೋವಾಸ್ ಎಂಬ ವಿದ್ವಾಂಸರು ಆ ನುಡಿಯನ್ನು ಬರೆದುಕೊಳ್ಳಲು ಹೋದಾಗ, ಅದನ್ನು ಆಡಬಲ್ಲವರು ಮೂವರು ಮಾತ್ರ ಸಿಕ್ಕಿದರು, ಅವರಿಗೂ ಅದು ಪೂರ್ತಿ ನೆನಪಿರಲಿಲ್ಲ. ನವದಂಪತಿಗಳು ಕೋಳಿ ಸಾಕಲು ಬಂದದ್ದು ಅದಾದ ಮೂವತ್ತೇಳು ವರ್ಷಕ್ಕೆ. ಅವರ ಕಣ್ಣಿಗೆ ಅದು ಯಾರೂ ಇಲ್ಲದ ಕಾಡು. ಪುಸ್ತಕದಲ್ಲಿ ಮೂಲ ನಿವಾಸಿಗಳ ಬಗ್ಗೆ ಬರುವ ಮಾತುಗಳು ಹೀನಾಯವಾಗಿವೆ. ಇಂದು ಆ ಪುಸ್ತಕವನ್ನು ಪ್ರೀತಿಸುವ ಓದುಗರೂ ಆ ಪುಟಗಳ ಬಳಿ ಬಂದಾಗ ತಲೆ ತಗ್ಗಿಸುತ್ತಾರೆ.

ಎಲ್ಲವೂ ಸೋಲಿನ ಕಥೆಯಲ್ಲ. ಆ 1855ರ ಕರಾರಿನಲ್ಲಿ, ತಮ್ಮ ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕು ಮೂಲ ಜನರದೇ ಎಂಬ ಒಂದು ಸಾಲು ಉಳಿದಿತ್ತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ವಾಷಿಂಗ್‌ಟನ್ ರಾಜ್ಯದ ಅಂಥ ಕರಾರುಗಳನ್ನು ಓದಿ, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಕರಾರಿನ ಜನಾಂಗಗಳಿಗೆ ಸೇರಬೇಕೆಂದು ತೀರ್ಪು ಕೊಟ್ಟರು. ಕ್ಲಾಲಮ್ ಭಾಷೆಯನ್ನು ತಾಯಿನುಡಿಯಾಗಿ ಕಲಿತು ಬೆಳೆದ ಕೊನೆಯ ಅಜ್ಜಿ 2014ರಲ್ಲಿ ತಮ್ಮ 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಅಷ್ಟರೊಳಗೆ ಹಿರಿಯರ ಬಾಯಿಂದ ಪದ ಪದ ಕೂಡಿಸಿ 2012ರಲ್ಲಿ ನಿಘಂಟು ಬಂದಿತ್ತು, ಪೋರ್ಟ್ ಏಂಜಲಿಸ್ ಪಟ್ಟಣದ ಹೈಸ್ಕೂಲಿನಲ್ಲಿ ಆ ಭಾಷೆಯ ಪಾಠ ಶುರುವಾಗಿತ್ತು. ಚಿಮಾಕಮ್ ನುಡಿಗೆ ಸಿಗದ ಅವಕಾಶ ಪಕ್ಕದ ನುಡಿಗೆ ಸಿಕ್ಕಿತು. ಎರಡಕ್ಕೂ ನಡುವಣ ವ್ಯತ್ಯಾಸ ಇಷ್ಟೇ: ಒಂದರಲ್ಲಿ ಆಡುವವರು ಇನ್ನೂ ಇದ್ದಾಗ ಬರೆದಿಟ್ಟುಕೊಂಡರು, ಮಕ್ಕಳಿಗೆ ಕಲಿಸಿದರು.

ನಮ್ಮ ರೇಡಿಯೋಗೆ ಸಂಬಂಧಪಟ್ಟ ಎರಡು ಸಂಗತಿ ಹೇಳಿಬಿಡುತ್ತೇನೆ. 'ಮೊಟ್ಟೆ ಮತ್ತು ನಾನು' ಚಿತ್ರ ಬಂದ ವರ್ಷವೇ ಅದರ ರೇಡಿಯೋ ನಾಟಕವೂ ಪ್ರಸಾರವಾಯಿತು, ಅದೇ ನಾಯಕ ನಾಯಕಿಯರ ದನಿಯಲ್ಲಿ. 1950ರಲ್ಲಿ ಪಟ್ಟಣದ ಸಂಸಾರವೊಂದು ಹೊಲಕ್ಕೆ ಹೋಗುವ ಇನ್ನೊಂದು ರೇಡಿಯೋ ಹಾಸ್ಯಮಾಲೆ ಬಂತು. ಅದನ್ನು ಬರೆದ ಜೇ ಸಾಮರ್ಸ್ ಅವರೇ ಮುಂದೆ 1965ರಲ್ಲಿ 'ಗ್ರೀನ್ ಏಕರ್ಸ್' ಎಂಬ ಟಿವಿ ಧಾರಾವಾಹಿ ಮಾಡಿದರು. ಜನ ಅದನ್ನು ಆರು ವರ್ಷ ನೋಡಿದರು. 1971ರಲ್ಲಿ ಆ ಚಾನೆಲ್ಲಿನವರು ಹಳ್ಳಿಯ ಕಥೆಗಳನ್ನೆಲ್ಲ ಒಟ್ಟಿಗೆ ಕಿತ್ತುಹಾಕಿದರು. ನೋಡುವವರು ಇದ್ದರು, ಆದರೆ ಜಾಹೀರಾತು ಕೊಡುವವರಿಗೆ ಪಟ್ಟಣದ ಎಳೆಯ ಗಿರಾಕಿಗಳು ಬೇಕಾಗಿದ್ದರು. ಹಳ್ಳಿಯನ್ನು ನಗೆಗಾಗಿ ಕರೆತಂದವರೇ, ಲಾಭ ತೀರಿದ ಮೇಲೆ ಬಾಗಿಲು ಹಾಕಿದರು.

ಬೆಟ್ಟಿ ಮ್ಯಾಕ್‌ಡೊನಾಲ್ಡ್ 1958ರಲ್ಲಿ ತೀರಿಕೊಂಡರು. ಆಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆಕೆ ನಿಜವಾಗಿ ಕಷ್ಟಪಟ್ಟವರು, ಎರಡು ಮಕ್ಕಳನ್ನು ಸಾಕಿದವರು, ಸೊಗಸಾಗಿ ಬರೆಯಬಲ್ಲವರು. ತಪ್ಪು ಇರುವುದು ಒಂದೇ ದನಿ ಉಳಿದದ್ದರಲ್ಲಿ. ನಾಲ್ಕು ವರ್ಷ ಇದ್ದು ಹೋದವರ ಪುಸ್ತಕ ಲೋಕಕ್ಕೆಲ್ಲ ತಲುಪಿತು. ಹುಟ್ಟಿ ಅಲ್ಲೇ ಮಣ್ಣಾದವರ ಮಾತು ಕೋರ್ಟಿನ ಕಡತದಲ್ಲಿ ಉಳಿಯಿತು. ಅವರಿಗೂ ಮೊದಲಿನವರ ಮಾತು ವಿದ್ವಾಂಸರ ಟಿಪ್ಪಣಿಯಲ್ಲಿ ಉಳಿಯಿತು. ಇಂದು ಆ ಕಣಿವೆಗೆ ಹೋದರೆ ಒಂದು ರಸ್ತೆಯ ಫಲಕದ ಮೇಲೆ 'ಎಗ್ ಅಂಡ್ ಐ ರಸ್ತೆ' ಎಂದಿದೆ, ಊರಿನ ಹೆಸರು ಚಿಮಾಕಮ್ ಎಂದೇ ಇದೆ. ಹೆಸರು ಇಟ್ಟುಕೊಂಡವರಿದ್ದಾರೆ, ಆ ಹೆಸರಿನ ನುಡಿಯನ್ನು ಆಡುವವರಿಲ್ಲ.

ಪೇಟೆಯವರು ಕಾಡಿಗೆ ಹೋಗುವ ನಗೆಚಿತ್ರ ಟಿವಿಯಲ್ಲಿ ಬಂದರೆ ಖಂಡಿತ ನೋಡಿ, ಮನಸಾರೆ ನಗಿ. ನಗುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: 'ಇವರು ಬರುವ ಮೊದಲು ಇಲ್ಲಿ ಯಾರಿದ್ದರು, ಅವರು ಇದನ್ನು ಏನೆಂದು ಕರೆಯುತ್ತಿದ್ದರು?' ಆಮೇಲೆ ಅದೇ ಪ್ರಶ್ನೆಯನ್ನು ನಿಮ್ಮ ಊರಿನ ಬಗ್ಗೆ ಕೇಳಿಕೊಳ್ಳಿ. ನಿಮ್ಮ ಹೊಲದ ಹೆಸರು, ಹಳ್ಳದ ಹೆಸರು, ಗುಡ್ಡದ ಹೆಸರು ಕನ್ನಡದಲ್ಲೂ ಪಕ್ಕದ ಭಾಷೆಯಲ್ಲೂ ಏನೇನು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಂದು ಹೋಗುವವರು ನಮ್ಮ ಬಗ್ಗೆ ಬರೆಯುವುದನ್ನು ತಡೆಯಲಾಗದು. ಇಲ್ಲೇ ಇರುವವರೂ ಬರೆದಿಟ್ಟರೆ, ಮುಂದೆ ಓದುವವರಿಗೆ ಎರಡೂ ಸಿಗುತ್ತವೆ.